ಏಣಿ ವಾಪಸು ಕೊಡುವ ಮೊದಲು

ಅಪ್ಪಾ, ಹತ್ತೇ ನಿಮಿಷ.
ಕಾವಲುಗಾರ ಏಣಿ ಕೊಡುವಾಗ ಗಡಿಯಾರ ನೋಡಿಕೊಂಡ.
ಕೆಳಗೆ ಕಾರ್ನೇಷನ್ ಹೂ ಹಿಡಿದ ಹೆಂಗಸೊಬ್ಬಳು
ತನ್ನ ಗಂಡನದು ನಾಲ್ಕನೇ ಸಾಲು ಎಂದು
ಆಗಲೇ ಎರಡು ಸಲ ಹೇಳಿದ್ದಾಳೆ.

ಬದುಕಿದ್ದಾಗ ಏಣಿ ಹಾಕಿದರೂ ಎಟುಕದವನು ನೀನು.
ಈಗ ಒಂಬತ್ತೇ ಮೆಟ್ಟಿಲು.
ಗೋಡೆಯ ಗೂಡಿನಲ್ಲಿ, ನನ್ನ ಮೂಗಿನ ನೇರಕ್ಕೆ,
ಎರಾಸ್ಮೊ ಕಾರ್ಕಮೊ.
ಕೆತ್ತಿದವನು ಒಂದು ಅಕ್ಷರ ನುಂಗಿದ್ದಾನೆ.
ದುಡ್ಡು ವಾಪಸು ಕೇಳು ಅನ್ನುತ್ತಿದ್ದೆ ನೀನು.

ಮೊದಲು ಸಣ್ಣಪುಟ್ಟದ್ದು.
ಮನೆಗೆ ಬಣ್ಣ ಬಳಿದೆವು. ಫ್ರೊಯ್ಲಾನ್ ಬಂದರಿನಿಂದ ತಂದದ್ದು,
ಯಾವುದೋ ಹಡಗಿಗೆ ಹಚ್ಚಿ ಉಳಿದದ್ದು.
ಡಬ್ಬದಲ್ಲಿ ಹಳದಿ, ತಗಡಿನ ಮೇಲೆ ಸಾಸಿವೆ.
ವಾಲ್ಪರೈಸೊ ಬಂದರಿನ ಕ್ರೇನುಗಳಿಂದಲೂ ಕಾಣುತ್ತದೆ,
ನಾಚಿಕೆಯಾಗುವಷ್ಟು.

ಕುಂಟ ನಾಯಿ ಹೋಯಿತು, ನಿನ್ನ ಹಿಂದೆಯೇ, ನಲವತ್ತನೇ ದಿನ.
ಜೀವಮಾನವೆಲ್ಲ ಲಿಫ್ಟಿನ ಬಾಗಿಲಲ್ಲಿ ಮಲಗಿ
ಸಾಯುವುದಕ್ಕೆ ಮಾತ್ರ ನಮ್ಮ ಮನೆಗೆ ಬಂತು.

ದೋನ್ ಸೆಗುಂದೊ ಸಾಲ ತೀರಿಸಿದ. ಹೌದು, ಅವನೇ.
ಲಕೋಟೆಯಲ್ಲಿ ಪೂರ್ತಿ ದುಡ್ಡು,
ಬಡ್ಡಿಗೆಂದು ಆರು ಬೆಣ್ಣೆಹಣ್ಣು.
"ಅವನಿದ್ದಿದ್ದರೆ ಹೀಗೆ ಸುಮ್ಮನೆ ಇಸಕೊಳ್ಳುತ್ತಿದ್ದನೇ,
ಜಗಳವಾದರೂ ಆಡುತ್ತಿದ್ದ" ಎಂದು ಅತ್ತುಬಿಟ್ಟ.
ಹಣ್ಣು ಇನ್ನೂ ಕಾಯಿ. ಕಾಗದದಲ್ಲಿ ಸುತ್ತಿಟ್ಟಿದ್ದೇವೆ.

ಯೊಲಾಂದಾ ಬಂದಳು.

ಇದನ್ನು ನಿಧಾನವಾಗಿ ಹೇಳಬೇಕೆಂದಿದ್ದೆ,
ಆದರೆ ಕೆಳಗೆ ಆ ಹೆಂಗಸು ಕೆಮ್ಮುತ್ತಿದ್ದಾಳೆ.
ಜುಲೈ ತಿಂಗಳ ಮಂಜಿನಲ್ಲಿ, ಕೂದಲು ಕತ್ತರಿಸಿಕೊಂಡು,
ಕೈಯಲ್ಲೊಂದು ಚೀಲ, ಆರು ತಿಂಗಳ ಬಸುರಿ.
ಅಮ್ಮ ಬಾಗಿಲು ತೆರೆದು, "ಚಹಾ ಆರುತ್ತಿದೆ" ಎಂದಳು,
ಹದಿಮೂರು ವರ್ಷವಲ್ಲ, ಹದಿಮೂರು ನಿಮಿಷ
ತಡಮಾಡಿ ಬಂದವಳಿಗೆ ಹೇಳುವ ಹಾಗೆ.
ಕೂಸು ಹೆಣ್ಣು. ಎಲ್ಲರೂ ಬೇಡ ಬೇಡವೆಂದರೂ
ಎರಾಸ್ಮಾ ಎಂದೇ ಹೆಸರಿಟ್ಟಳು.
ಆ ಹಟ ಯಾರದೆಂದು ನೀನು ಕೇಳಬೇಡ.

ಸಿಟ್ಟು ಬಂತೇ?
ಕಲ್ಲು ಮುಟ್ಟಿ ನೋಡಿದೆ. ತಣ್ಣಗಿದೆ.

ಇನ್ನೊಂದಿದೆ. ಹೇಳಕೂಡದೆಂದು ಅಮ್ಮ ಆಣೆ ಹಾಕಿಸಿದ್ದಾಳೆ,
ಕೇಳಿದರೆ ಇನ್ನೊಮ್ಮೆ ಸಾಯುತ್ತಾನೆ ಎಂದು.
ಆಣೆ ಮಾಡಿದ್ದು ನೆಲದ ಮೇಲೆ ನಿಂತು.
ಈಗ ಏಣಿಯ ಮೇಲಿದ್ದೇನೆ.

ನಿನ್ನ ಲಿಫ್ಟು ನಿಂತಿದೆ, ಅಪ್ಪಾ.
ಕೇಬಲ್ಲು ಸವೆದಿದೆಯಂತೆ.
ಸವೆದಿದೆ ಎಂದು ನೀನು ಬರೆದುಕೊಟ್ಟ ಅರ್ಜಿ
ಕಡತದಲ್ಲಿ ಮಡಿಕೆ ಕೂಡ ಬಿಚ್ಚದೆ ಸಿಕ್ಕಿತಂತೆ.
ಒಂದು ಪೆಟ್ಟಿಗೆ ಗುಡ್ಡದ ನೆತ್ತಿಯಲ್ಲಿ, ಒಂದು ಬುಡದಲ್ಲಿ,
ನಡುವೆ ಹಳಿಗಳ ತುಂಬ ಕಾಡುಸೋಂಪು.
ಮಕ್ಕಳು ಕಿತ್ತು ಜಗಿಯುತ್ತವೆ.
ನೂರ ಅರವತ್ತೆರಡು ಮೆಟ್ಟಿಲು ಹತ್ತುವ ಇಡೀ ಗುಡ್ಡ
ಐವತ್ತರವರೆಗೆ ಪುರಸಭೆಯನ್ನು ಬಯ್ಯುತ್ತದೆ,
ಆಮೇಲೆ ಬಯ್ಯಲು ಉಸಿರಿಲ್ಲದೆ ಕೂತು
ನಿನ್ನ ಸುದ್ದಿ ತೆಗೆಯುತ್ತದೆ.
ಒರ್ತೆನ್ಸಿಯಾ ಅತ್ತೆ ಅಲ್ಲೇ ಕಾಲುಚೀಲ ಹೆಣೆಯುತ್ತಾಳೆ,
ಹಿಮ್ಮಡಿ ಮುಗಿದ ಮೇಲೇ ಏಳುವುದು.

ಒಂದು ಇಳಿಯದೆ ಇನ್ನೊಂದು ಏರದು ಎಂದು
ಎರಡು ಚಮಚಕ್ಕೆ ದಾರ ಕಟ್ಟಿ
ಕುರ್ಚಿಯ ಬೆನ್ನಿಗೆ ತೂಗಿಸಿ ತೋರಿಸಿದ್ದೆ.
ಕೂಸು ಹುಟ್ಟಿದ ರಾತ್ರಿ ಅಡುಗೆಮನೆಯಲ್ಲಿ
ಚಮಚ ತೊಳೆಯುತ್ತ ತೊಳೆಯುತ್ತ
ನಲ್ಲಿ ನಿಲ್ಲಿಸುವುದನ್ನು ಮರೆತೆ.

ಅಮ್ಮನ ವಿಷಯವೇ?
ಚೆನ್ನಾಗಿದ್ದಾಳೆ ಅಂದರೆ ಸುಳ್ಳು, ಇಲ್ಲ ಅಂದರೂ ಸುಳ್ಳು.
ಗುರುವಾರ ಕ್ಲಬ್ಬಿಗೆ ಹೋಗಿ ಇಸ್ಪೀಟಾಡುತ್ತಾಳೆ,
ಮೋಸ ಮಾಡಿ ಗೆಲ್ಲುತ್ತಾಳೆ, ನಗುತ್ತಾಳೆ.
ಮಲಗುವುದು ಮಾತ್ರ ಹಾಸಿಗೆಯ ನಿನ್ನ ಕಡೆ.

"ಮಗಳೇ, ಗೇಟು ಮುಚ್ಚುತ್ತಾರೆ."
ಬಂದೆ, ಅಮ್ಮಾ, ಬಂದೆ.

ಅಯ್ಯೋ, ಮುಖ್ಯವಾದದ್ದೇ ಮರೆತೆ! ಕನ್ನಡಕ ಸಿಕ್ಕಿತು.
ಎರಡು ವರ್ಷ ನಮ್ಮನ್ನೆಲ್ಲ ಕಳ್ಳರೆಂದೆಯಲ್ಲ,
ಒಲೆಯ ಹಿಂದೆ ಬಿದ್ದಿತ್ತು, ಜಿಡ್ಡು ಹತ್ತಿ.
ಈಗ ಅಮ್ಮನ ಮೂಗಿನ ಮೇಲಿದೆ.
ಅವಳ ಕಣ್ಣಿಗೆ ಹೊಂದುವುದಿಲ್ಲ, ಒಂದಕ್ಷರ ಕಾಣುವುದಿಲ್ಲ,
ನೀರಿನ ಬಿಲ್ಲನ್ನು ನಾನೇ ಓದಿ ಹೇಳಬೇಕು.
ತೆಗೆ ಅಂದರೆ ತೆಗೆಯುವುದಿಲ್ಲ.

ಹೊಸ ಗಿರಿಗಿಟ್ಟೆ ಸಿಕ್ಕಿಸಿದ್ದೇನೆ, ಕೆಂಪು ಕಾಗದದ್ದು.
ಗಾಳಿ ಬಂದಾಗ ನೋಡಿಕೋ.

ಹತ್ತಿ, ಅಮ್ಮಾ. ಹೂವು ಇಲ್ಲಿ ಕೊಡಿ, ಆಮೇಲೆ ಚಾಚುತ್ತೇನೆ.
ಏಳನೇ ಮೆಟ್ಟಿಲು ಅಲ್ಲಾಡುತ್ತದೆ.
ನಾನು ಹಿಡಿದಿರುತ್ತೇನೆ.